ಬಿತ್ತುವಟ್ಟ ಮತ್ತು ಮುಕ್ತ ಪರವಾನಗಿ: ಕನ್ನಡ ಗಣಕ ವೇದಿಕೆಗಳ ಚರಿತ್ರೆಗೆ ನಂದಿ ಪರಿಸರದಿಂದ ಒಂದು ನೋಟ

1. ಪೀಠಿಕೆ

ನಂದಿ ಬೆಟ್ಟದ ಸುತ್ತಣ ಪ್ರದೇಶವು ನದಿಗಳು ಹುಟ್ಟುವ ನಾಡೇ ಹೊರತು ನದಿಯ ನೀರನ್ನು ನಂಬಿ ಬದುಕಿದ ನಾಡಲ್ಲ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ ಮೊದಲಾದ ಹೊಳೆಗಳು ನಂದಿ ಮತ್ತು ಅದರ ನೆರೆಯ ಬೆಟ್ಟಸಾಲುಗಳಲ್ಲಿ ಹುಟ್ಟಿ ಬೇರೆ ಬೇರೆ ದಿಕ್ಕುಗಳಿಗೆ ಹರಿದು ಹೋಗುತ್ತವೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಒಕ್ಕಲುತನವು ಶತಮಾನಗಳ ಕಾಲ ಕೆರೆಗಳನ್ನೇ ಆಶ್ರಯಿಸಿತ್ತು. 2007ರಲ್ಲಿ ಚಿಕ್ಕಬಳ್ಳಾಪುರವು ಪ್ರತ್ಯೇಕ ಜಿಲ್ಲೆಯಾಗುವವರೆಗೆ ಈ ತಾಲ್ಲೂಕುಗಳು ಸೇರಿದ್ದ ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು 1905ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹತ್ತನೆಯ ಸಂಪುಟವಾಗಿ ಪ್ರಕಟಿಸಿದರು. ಈ ಭಾಗದ ಶಾಸನಗಳಲ್ಲಿ ದೇವಾಲಯ, ವೀರಗಲ್ಲುಗಳ ಜೊತೆಗೆ ಮತ್ತೆ ಮತ್ತೆ ಎದುರಾಗುವ ವಸ್ತು ಕೆರೆಯೇ ಆಗಿದೆ.

ಕೆರೆಗೆ ಸಂಬಂಧಿಸಿದ ಶಾಸನಗಳಲ್ಲಿ ಬರುವ 'ಬಿತ್ತುವಟ್ಟ' ಎಂಬ ಮಾತು ಇಲ್ಲಿ ವಿಶೇಷ ಗಮನಕ್ಕೆ ಅರ್ಹವಾದುದು. ಕೆರೆಯನ್ನು ಕಟ್ಟಿಸಿದವರಿಗೆ ಅಥವಾ ಅದನ್ನು ದುರಸ್ತಿ ಮಾಡಿ ಉಳಿಸಿಕೊಂಡು ಬಂದವರಿಗೆ ಕೆರೆಯ ಕೆಳಗಿನ ಭೂಮಿಯಲ್ಲಿಯೋ ಬೆಳೆಯಲ್ಲಿಯೋ ಬಿಟ್ಟುಕೊಡುತ್ತಿದ್ದ ಪಾಲು ಬಿತ್ತುವಟ್ಟ. ಕೆರೆಗೊಡಗೆ, ಕಟ್ಟುಗೊಡಗೆ ಎಂಬ ಹೆಸರಿನ ದತ್ತಿಗಳೂ ಇದೇ ಉದ್ದೇಶದವು. ಕೆರೆಯ ನೀರು ಊರಿಗೆ ಸೇರಿದ್ದು. ಆದರೆ ಹೂಳೆತ್ತುವ, ತೂಬು ಕಾಯುವ, ಏರಿಗೆ ಮಣ್ಣು ಹಾಕುವ ದುಡಿಮೆ ಯಾರೋ ಒಬ್ಬರ ಪಾಲಿಗೆ ಬರುವಂಥದ್ದು. ಆ ದುಡಿಮೆಗೆ ಊರು ಹೊಣೆಯಾಗದಿದ್ದರೆ ಎಲ್ಲರದೂ ಆದ ಕೆರೆ ಯಾರದೂ ಅಲ್ಲದ ಕೆರೆಯಾಗಿ ಒಡೆದುಹೋಗುತ್ತದೆ. ನಂದಿ ಪರಿಸರದ ಪೂರ್ವಿಕರು ಈ ಸತ್ಯವನ್ನು ಅರಿತಿದ್ದರು ಎಂಬುದಕ್ಕೆ ಬಿತ್ತುವಟ್ಟದ ವ್ಯವಸ್ಥೆಯೇ ಸಾಕ್ಷಿ.

ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಕನ್ನಡಕ್ಕೆ ಹೊಸ ಬಗೆಯ ಕೆರೆಯೊಂದರ ಅಗತ್ಯ ಉಂಟಾಯಿತು. ಗಣಕಯಂತ್ರದಲ್ಲಿ ಕನ್ನಡ ಅಕ್ಷರಗಳನ್ನು ಬರೆಯುವ, ಉಳಿಸುವ, ಹುಡುಕುವ, ಬೇರೆಯವರಿಗೆ ಕಳುಹಿಸುವ ಸಾಮಾನ್ಯ ವೇದಿಕೆಯೇ ಆ ಕೆರೆ. ಅದನ್ನು ಕಟ್ಟುವುದರಲ್ಲಿ ಉದ್ಯಮಗಳು, ಸರ್ಕಾರ, ವಿದ್ಯಾಸಂಸ್ಥೆಗಳು ಮತ್ತು ಸಂಬಳವಿಲ್ಲದೆ ದುಡಿದ ಸ್ವಯಂಸೇವಕರು ಪಾಲುಗೊಂಡರು. ಈ ಕೂಡುಗೆಲಸದ ಚರಿತ್ರೆಯನ್ನು ಬಿತ್ತುವಟ್ಟದ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

2. 'ಉಚಿತ' ಮತ್ತು 'ಮುಕ್ತ'

ಮೊದಲು ಎರಡು ಪದಗಳ ಅರ್ಥವ್ಯತ್ಯಾಸವನ್ನು ಸ್ಪಷ್ಟಪಡಿಸಿಕೊಳ್ಳಬೇಕಾಗುತ್ತದೆ. ಹಣ ಪಡೆಯದೆ ಕೊಡುವ ತಂತ್ರಾಂಶ ಉಚಿತ ತಂತ್ರಾಂಶ. ಆಕರ ಸಂಕೇತವನ್ನು, ಅಂದರೆ ತಂತ್ರಾಂಶವನ್ನು ಹೆಣೆದ ಮೂಲ ಬರಹವನ್ನು, ಯಾರಾದರೂ ಓದಲು, ತಿದ್ದಲು, ಹಂಚಲು ಅನುಮತಿಸುವ ಪರವಾನಗಿಯೊಡನೆ ಕೊಡುವುದು ಮುಕ್ತ ತಂತ್ರಾಂಶ. ಮೊದಲನೆಯದು ಊರಬಾಗಿಲಲ್ಲಿ ಇಟ್ಟ ಅರವಟ್ಟಿಗೆಯಂತೆ. ಇಟ್ಟವರು ಎತ್ತಿಕೊಂಡು ಹೋದರೆ ನೀರಿಲ್ಲ. ಎರಡನೆಯದು ಕೆರೆಯಂತೆ, ಕಟ್ಟಿದವರು ಇಲ್ಲವಾದರೂ ಊರವರು ಅದನ್ನು ಉಳಿಸಿಕೊಳ್ಳಬಹುದು.

ರಿಚರ್ಡ್ ಸ್ಟಾಲ್ಮನ್ ಅವರು 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದರು. 1989ರಲ್ಲಿ ಗ್ನೂ ಸಾಮಾನ್ಯ ಸಾರ್ವಜನಿಕ ಪರವಾನಗಿ ರೂಪುಗೊಂಡಿತು. ತಿದ್ದಿದ ತಂತ್ರಾಂಶವನ್ನು ಹಂಚುವವರು ತಮ್ಮ ತಿದ್ದುಪಡಿಗಳನ್ನೂ ಅದೇ ಷರತ್ತಿನಲ್ಲಿ ಹಂಚಬೇಕು ಎಂಬುದು ಅದರ ತಿರುಳು. 1991ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಅವರು ಲಿನಕ್ಸ್ ತಿರುಳನ್ನು ಹೊರತಂದರು. ಮುಂದೆ ದೊಡ್ಡ ಉದ್ಯಮಗಳು ತಮ್ಮ ನೌಕರರನ್ನೇ ಇಂಥ ಕೆಲಸಕ್ಕೆ ನಿಯೋಜಿಸಿದವು. ಮಾರುಕಟ್ಟೆಯಲ್ಲಿ ಎದುರಾಳಿಗಳಾದ ಸಂಸ್ಥೆಗಳು ತಳಹದಿಯ ತಂತ್ರಾಂಶವನ್ನು ಒಟ್ಟಾಗಿ ಬೆಳೆಸಿ, ಅದರ ಮೇಲಿನ ಕಟ್ಟಡದಲ್ಲಿ ಮಾತ್ರ ಪೈಪೋಟಿ ನಡೆಸುವ ಪದ್ಧತಿ ಬೆಳೆದುಬಂದಿತು. ಬೆಂಗಳೂರಿನಲ್ಲಿ 2001ರಲ್ಲಿ ಆರಂಭವಾಗಿ, 2005ರಿಂದ 'ಫಾಸ್ ಡಾಟ್ ಇನ್' ಎಂಬ ಹೆಸರಿನಲ್ಲಿ 2012ರವರೆಗೆ ನಡೆದ ಲಿನಕ್ಸ್ ಸಮ್ಮೇಳನಗಳು ಈ ಪದ್ಧತಿಯನ್ನು ಕರ್ನಾಟಕಕ್ಕೆ ಪರಿಚಯಿಸಿದವು. ಅಲ್ಲಿನ ಚರ್ಚೆಯ ಭಾಷೆ ಇಂಗ್ಲಿಷ್ ಆಗಿತ್ತು. ಕನ್ನಡದ ಗಣಕ ವೇದಿಕೆಯ ಕತೆ ಬೇರೆ ಹಾದಿಯಲ್ಲಿ ಸಾಗಿ ಬಂದಿತ್ತು.

3. ಬೇಲಿಗಳ ಕಾಲ

ಗಣಕವು ಅಕ್ಷರಗಳನ್ನು ಅಂಕಿಗಳಾಗಿ ಮಾತ್ರ ನೆನಪಿಡಬಲ್ಲದು. ಯಾವ ಅಕ್ಷರಕ್ಕೆ ಯಾವ ಅಂಕಿ ಎಂಬ ಒಪ್ಪಂದ ಎಲ್ಲರಿಗೂ ಒಂದೇ ಆಗಿದ್ದರೆ ಮಾತ್ರ ಒಬ್ಬರು ಬರೆದುದನ್ನು ಇನ್ನೊಬ್ಬರು ಓದಬಹುದು. ಭಾರತೀಯ ಲಿಪಿಗಳಿಗೆ 'ಇಸ್ಕಿ' ಎಂಬ ರಾಷ್ಟ್ರೀಯ ಶಿಷ್ಟತೆ 1991ರ ವೇಳೆಗೆ ಸಿದ್ಧವಾಗಿತ್ತು. ಪುಣೆಯ ಸಿ-ಡ್ಯಾಕ್ ಸಂಸ್ಥೆ ಅದನ್ನು ಅನುಸರಿಸಿದ ಉಪಕರಣಗಳನ್ನು ಒದಗಿಸಿತು. ಆದರೆ ಮುದ್ರಣ ಮತ್ತು ಪತ್ರಿಕೋದ್ಯಮದಲ್ಲಿ ಬಳಕೆಗೆ ಬಂದ ಶ್ರೀಲಿಪಿ, ಆಕೃತಿ, ಪ್ರಕಾಶಕ್ ಮೊದಲಾದ ತಂತ್ರಾಂಶಗಳು ಹಿಡಿದ ದಾರಿ ಬೇರೆ. ಅವು ಅಕ್ಷರವನ್ನಲ್ಲ, ಅಕ್ಷರದ ತುಂಡುಗಳನ್ನು ಅಂಕಿಗೆ ಹೊಂದಿಸಿದವು. ತಲೆಕಟ್ಟು, ಕೊಂಬು, ಒತ್ತು, ದೀರ್ಘ ಎಂಬ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳಿಗೆಂದು ಮೀಸಲಾದ ಸ್ಥಾನಗಳಲ್ಲಿ ಕೂರಿಸಿ, ತೆರೆಯ ಮೇಲೆ ಜೋಡಿಸಿ ತೋರಿಸಲಾಗುತ್ತಿತ್ತು. ಯಾವ ತುಂಡು ಎಲ್ಲಿ ಎಂಬ ಪಟ್ಟಿ ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗಿತ್ತು.

ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಒಂದು ತಂತ್ರಾಂಶದಲ್ಲಿ ಬರೆದ ಕಡತ ಇನ್ನೊಂದರಲ್ಲಿ ತೆರೆದಾಗ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುತ್ತಿತ್ತು. ಅಕಾರಾದಿಯಾಗಿ ಜೋಡಿಸುವುದು, ಪದವನ್ನು ಹುಡುಕುವುದು ದುಸ್ತರವಾಗಿತ್ತು. ಅಚ್ಚಾದ ಪುಟ ಕನ್ನಡವಾಗಿತ್ತು. ಗಣಕದೊಳಗಿನ ಕಡತ ಕನ್ನಡವಾಗಿರಲಿಲ್ಲ. ಒಂದೇ ಲಿಪಿಯ ಸುತ್ತ ಹತ್ತು ಬೇಲಿಗಳು ಎದ್ದಿದ್ದವು ಎಂದರೆ ತಪ್ಪಾಗಲಾರದು.

ಈ ಸ್ಥಿತಿಯಲ್ಲಿ ಕಿನ್ನಿಕಂಬಳ ಪದ್ಮನಾಭ ರಾವ್ (ಕೆ.ಪಿ. ರಾವ್) ಅವರ ಕೊಡುಗೆ ಮಹತ್ವದ್ದು. ಅಕ್ಷರಗಳ ಉಚ್ಚಾರವನ್ನು ಅನುಸರಿಸಿ ಇಂಗ್ಲಿಷ್ ಕೀಲಿಮಣೆಯಲ್ಲೇ ಕನ್ನಡವನ್ನು ಬರೆಯುವ ತರ್ಕಬದ್ಧ ವಿನ್ಯಾಸವನ್ನು ಅವರು ರೂಪಿಸಿದರು. ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ನೆನಪಿನಲ್ಲಿ 'ಸೇಡಿಯಾಪು' ಎಂದು ಹೆಸರಿಟ್ಟ ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ವ್ಯಂಜನವನ್ನು ಒತ್ತಿದರೆ ಅಕಾರ ಸಹಿತ ಅಕ್ಷರ, ಸ್ವರವನ್ನು ಒತ್ತಿದರೆ ಗುಣಿತ ಎಂಬ ಈ ವಿನ್ಯಾಸದ ಸರಳತೆಯು ಕನ್ನಡ ಕಾಗುಣಿತದ ಸ್ವಭಾವಕ್ಕೆ ಒಪ್ಪುವಂತಿತ್ತು. ಆ ವಿನ್ಯಾಸವನ್ನು ತಮ್ಮ ಸೊತ್ತೆಂದು ಅವರು ಬೇಲಿ ಹಾಕಿಕೊಳ್ಳಲಿಲ್ಲ. ಮುಂದಿನ ಬೆಳವಣಿಗೆಯಲ್ಲಿ ಇದು ನಿರ್ಣಾಯಕವಾಯಿತು.

4. ಬರಹ, ನುಡಿ ಮತ್ತು ತೇಜಸ್ವಿಯವರ ಆತಂಕ

1998ರಲ್ಲಿ ಶೇಷಾದ್ರಿವಾಸು ಅವರು 'ಬರಹ' ತಂತ್ರಾಂಶವನ್ನು ಹೊರತಂದು ಅಂತರಜಾಲದ ಮೂಲಕ ಉಚಿತವಾಗಿ ಹಂಚತೊಡಗಿದರು. ಹೊರನಾಡು, ಹೊರದೇಶಗಳ ಕನ್ನಡಿಗರು ತಮ್ಮ ಭಾಷೆಯಲ್ಲಿ ಬರೆಯಲು ಇದು ಹೆಚ್ಚಿನ ನೆರವು ನೀಡಿತು. ಇದಕ್ಕೂ ಮೊದಲೇ, 1996ರಲ್ಲಿ, ಯು.ಬಿ. ಪವನಜ ಅವರು 'ವಿಶ್ವಕನ್ನಡ' ಎಂಬ ಕನ್ನಡದ ಮೊದಲ ಅಂತರಜಾಲ ತಾಣವನ್ನು ಆರಂಭಿಸಿದ್ದರು. ಈ ಶತಮಾನದ ಆದಿಯಲ್ಲಿ ಕರ್ನಾಟಕ ಸರ್ಕಾರದ ಪ್ರೋತ್ಸಾಹದಿಂದ ಕನ್ನಡ ಗಣಕ ಪರಿಷತ್ತು 'ನುಡಿ'ಯನ್ನು ರೂಪಿಸಿತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೇ ಸರ್ಕಾರದ ಶಿಷ್ಟ ವಿನ್ಯಾಸವಾಗಿ ಅಂಗೀಕಾರ ಪಡೆಯಿತು. ನಾಡಕಚೇರಿಯಿಂದ ಸಚಿವಾಲಯದವರೆಗೆ ಸರ್ಕಾರಿ ಕಡತಗಳು ಕನ್ನಡದಲ್ಲಿ ಸಿದ್ಧವಾಗಲು ನುಡಿ ಕಾರಣವಾಯಿತು.

ಆದರೂ ಬರಹ ಮತ್ತು ನುಡಿಗಳು ಆ ಕಾಲದಲ್ಲಿ ಉಚಿತವಾಗಿದ್ದವೇ ಹೊರತು ಮುಕ್ತವಾಗಿರಲಿಲ್ಲ. ಅವುಗಳ ಆಕರ ಸಂಕೇತ ಸಾರ್ವಜನಿಕರಿಗೆ ದೊರೆಯುತ್ತಿರಲಿಲ್ಲ. ಕಾರ್ಯಾಚರಣ ವ್ಯವಸ್ಥೆಯ ಹೊಸ ಆವೃತ್ತಿ ಬಂದಾಗಲೆಲ್ಲ ಮೂಲ ತಯಾರಕರೇ ಅವನ್ನು ತಿದ್ದಬೇಕಾಗಿತ್ತು. ಲೇಖಕ ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಪ್ರಶ್ನೆಯನ್ನು ಸಾರ್ವಜನಿಕವಾಗಿ ಎತ್ತಿದುದಕ್ಕೆ ಈ ಹಿನ್ನೆಲೆಯಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ 'ಕುವೆಂಪು ಕನ್ನಡ ತಂತ್ರಾಂಶ'ದ ಹಿಂದೆಯೂ ಅವರ ಒತ್ತಾಸೆಯಿತ್ತು. ಕಾದಂಬರಿಕಾರರೊಬ್ಬರು ಅಕ್ಷರವಿನ್ಯಾಸದ ತಾಂತ್ರಿಕ ವಿವರಗಳ ಬಗ್ಗೆ ಇಷ್ಟು ತಲೆಕೆಡಿಸಿಕೊಂಡುದು ಹಲವರಿಗೆ ಅಚ್ಚರಿಯಾಗಿ ಕಂಡಿರಬಹುದು. ಗಣಕದೊಳಗೆ ಬಾಳದ ಭಾಷೆ ಮುಂದಿನ ಪೀಳಿಗೆಯ ಕೈಗೆ ದಾಟಲಾರದು ಎಂಬ ಅರಿವು ಅದರ ಹಿಂದಿತ್ತು. ಅವರು 2007ರಲ್ಲಿ ನಿಧನರಾದಾಗ ಆ ಪ್ರಶ್ನೆಗೆ ಪೂರ್ಣ ಉತ್ತರ ದೊರೆತಿರಲಿಲ್ಲ.

5. ಸಿಂಪ್ಯೂಟರ್: ಕಟ್ಟಿದ ಕೆರೆ, ಬಾರದ ಒಕ್ಕಲು

ವಿದ್ಯಾಸಂಸ್ಥೆ ಮತ್ತು ಉದ್ಯಮಗಳು ಮುಕ್ತ ವೇದಿಕೆಯೊಂದನ್ನು ಒಟ್ಟಾಗಿ ಕಟ್ಟಿದ ಅತ್ಯಂತ ಸ್ಪಷ್ಟ ಉದಾಹರಣೆ ಕರ್ನಾಟಕದಲ್ಲಿ ಸಿಂಪ್ಯೂಟರ್. 1998ರಲ್ಲಿ ಬೆಂಗಳೂರಿನಲ್ಲಿ ನಡೆದ ವಿಚಾರ ಸಂಕಿರಣವೊಂದರ ಬಳಿಕ ಚಿಗುರಿದ ಈ ಯೋಜನೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ತಂತ್ರಜ್ಞರೂ ಕೈಜೋಡಿಸಿದರು. 2001ರಲ್ಲಿ ಅದರ ಮಾದರಿ ಲೋಕಾರ್ಪಣೆಗೊಂಡಿತು. ಅಂಗೈಯಲ್ಲಿ ಹಿಡಿಯಬಹುದಾದ ಈ ಯಂತ್ರ ಲಿನಕ್ಸ್ ಆಧಾರಿತವಾಗಿತ್ತು. ಓದು ಬಾರದವರಿಗಾಗಿ ಕನ್ನಡ, ಹಿಂದಿ, ತಮಿಳು ಪಠ್ಯವನ್ನು ಧ್ವನಿಯಾಗಿ ಓದಿ ಹೇಳುವ ಸೌಲಭ್ಯವನ್ನು ಅದಕ್ಕಾಗಿ ರೂಪಿಸಲಾಯಿತು. ಸ್ಮಾರ್ಟ್ ಕಾರ್ಡ್ ಬಳಸಿ ಒಂದೇ ಯಂತ್ರವನ್ನು ಊರಿನ ಹಲವು ಮಂದಿ ಸರದಿಯಲ್ಲಿ ಬಳಸಬಹುದಾಗಿತ್ತು. ಊರೊಟ್ಟಿನ ಸೊತ್ತು ಎಂಬ ಗ್ರಾಮೀಣ ಕಲ್ಪನೆಗೆ ಇದು ಹತ್ತಿರವಾದುದು.

ಇದರ ವಿಶೇಷತೆ ಪರವಾನಗಿಯಲ್ಲಿತ್ತು. ತಂತ್ರಾಂಶ ಮಾತ್ರವಲ್ಲದೆ ಯಂತ್ರದ ವಿನ್ಯಾಸವನ್ನೂ ಸಿಂಪ್ಯೂಟರ್ ಟ್ರಸ್ಟ್ ತನ್ನದೇ ಸಾರ್ವಜನಿಕ ಪರವಾನಗಿಯಡಿ ತೆರೆದಿಟ್ಟಿತು. ತಯಾರಿಸಿ ಮಾರುವ ಉದ್ಯಮ ಟ್ರಸ್ಟಿಗೆ ಒಮ್ಮೆ ಶುಲ್ಕ ಕೊಡಬೇಕು. ಅಭಿವೃದ್ಧಿಶೀಲ ದೇಶದ ಉದ್ಯಮಕ್ಕೆ ಕಡಿಮೆ, ಮುಂದುವರಿದ ದೇಶದ ಉದ್ಯಮಕ್ಕೆ ಹೆಚ್ಚು. ವಿನ್ಯಾಸವನ್ನು ಸುಧಾರಿಸಿದವರು ಸ್ವಲ್ಪ ಕಾಲ ಅದರ ಲಾಭ ಪಡೆದು, ಬಳಿಕ ಅದನ್ನು ಟ್ರಸ್ಟಿಗೆ ಮರಳಿಸಬೇಕು. ದುಡಿದವರಿಗೆ ಕೆಲಕಾಲದ ಪಾಲು, ಅನಂತರ ಎಲ್ಲರಿಗೂ ನೀರು ಎಂಬ ಈ ಏರ್ಪಾಡು ಬಿತ್ತುವಟ್ಟದ ತತ್ತ್ವವನ್ನೇ ನೆನಪಿಗೆ ತರುತ್ತದೆ.

ಪಿಕೋಪೆಟಾ ಸಂಸ್ಥೆಯು ಸಾರ್ವಜನಿಕ ವಲಯದ ಭಾರತ್ ಎಲೆಕ್ಟ್ರಾನಿಕ್ಸ್ ಜೊತೆಗೂಡಿ 2004ರಲ್ಲಿ 'ಅಮಿದಾ' ಸಿಂಪ್ಯೂಟರನ್ನು ಮಾರುಕಟ್ಟೆಗೆ ತಂದಿತು. ಕರ್ನಾಟಕ ಸರ್ಕಾರದ ಭೂದಾಖಲೆ ಕಾರ್ಯದಲ್ಲೂ ಸಿಂಪ್ಯೂಟರಿನ ಬಳಕೆಯಾಯಿತು. ಆದರೆ 2005ರ ವೇಳೆಗೆ ಮಾರಾಟವಾದ ಯಂತ್ರಗಳು ಸುಮಾರು 4,000 ಮಾತ್ರ. ಬೆಲೆ ನಿರೀಕ್ಷಿಸಿದ ಮಟ್ಟಕ್ಕೆ ಇಳಿಯಲಿಲ್ಲ. ಅದೇ ಹೊತ್ತಿಗೆ ಮೊಬೈಲ್ ದೂರವಾಣಿ ಅಗ್ಗವಾಗುತ್ತ ಬಂದಿತು. ತಯಾರಿಕೆಯ ಹೊಣೆ ಹೊತ್ತ ಉದ್ಯಮಗಳು ಬಹುಮಟ್ಟಿಗೆ ವಿನ್ಯಾಸಕಾರರ ಬಳಗದವೇ ಆಗಿದ್ದುದರಿಂದ ಸುಧಾರಣೆಗಳು ಹೊರಗಿನಿಂದ ಹರಿದುಬಂದು ಸೇರುವ ಸಂದರ್ಭ ಒದಗಲಿಲ್ಲ. ಕೆರೆಯನ್ನು ಕಟ್ಟಿ ಬಿತ್ತುವಟ್ಟವನ್ನೂ ನಿಗದಿಪಡಿಸಿದ ಮೇಲೆ ಅದರ ಕೆಳಗೆ ಬೇಸಾಯ ಮಾಡಲು ಸಾಕಷ್ಟು ಒಕ್ಕಲು ಬಾರದೆ ಹೋದಂತೆ ಇದಾಯಿತು. ಮುಕ್ತ ಪರವಾನಗಿಯೊಂದೇ ವೇದಿಕೆಯನ್ನು ಉಳಿಸಲಾರದು ಎಂಬ ಪಾಠವನ್ನು ಸಿಂಪ್ಯೂಟರ್ ಕಲಿಸಿತು.

6. ಯೂನಿಕೋಡ್ ಮತ್ತು ೞಕಾರದ ಪ್ರಸಂಗ

ಅಕ್ಷರಗಳ ಅಂಕಿಪಟ್ಟಿಯ ಗೊಂದಲಕ್ಕೆ ಶಾಶ್ವತ ಪರಿಹಾರ ಬಂದುದು ಉದ್ಯಮಗಳ ಕೂಟವೊಂದರಿಂದ. ಅಮೆರಿಕದ ಗಣಕ ಸಂಸ್ಥೆಗಳು ಸೇರಿ 1991ರಲ್ಲಿ ಯೂನಿಕೋಡ್ ಒಕ್ಕೂಟವನ್ನು ನೋಂದಾಯಿಸಿದವು. ಜಗತ್ತಿನ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಒಂದೊಂದು ಖಚಿತ ಸಂಖ್ಯೆಯನ್ನು ಕೊಡುವುದು ಅದರ ಗುರಿ. ಅದೇ ವರ್ಷದ ಮೊದಲ ಆವೃತ್ತಿಯಲ್ಲೇ ಇಸ್ಕಿಯ ಅನುಕ್ರಮವನ್ನು ಆಧರಿಸಿ ಕನ್ನಡಕ್ಕೆ 128 ಸ್ಥಾನಗಳ ಪಟ್ಟಿಯೊಂದು ದೊರೆಯಿತು.

ಈ ಪಟ್ಟಿಯಲ್ಲಿ ನಂದಿ ಪರಿಸರದ ಶಾಸನಾಭ್ಯಾಸಿಗಳನ್ನು ತಡೆದು ನಿಲ್ಲಿಸುವ ಒಂದು ಅಂಶವಿದೆ. ಭೋಗನಂದೀಶ್ವರ ದೇವಾಲಯದ ಪ್ರಾಚೀನತೆಯನ್ನು ನಿರ್ಣಯಿಸುವಾಗ ಸುಮಾರು ಕ್ರಿ.ಶ. 806ರ, ನೊಳಂಬಾಧಿರಾಜ ಹಾಗೂ ರಾಷ್ಟ್ರಕೂಟ ಮುಮ್ಮಡಿ ಗೋವಿಂದನ ಕಾಲದ ಶಾಸನಾಧಾರಗಳನ್ನು ಗಮನಿಸಲಾಗುತ್ತದೆ. ಆ ಶತಮಾನದ ಕನ್ನಡದಲ್ಲಿ ಇಂದು ಬಳಕೆಯಲ್ಲಿ ಇಲ್ಲದ ೞಕಾರ ಮತ್ತು ಱಕಾರಗಳು ಜೀವಂತವಾಗಿದ್ದವು. ಏೞು, ಬಾೞ್ ಎಂಬ ನಿತ್ಯದ ಮಾತುಗಳಲ್ಲೂ, ದತ್ತಿಯನ್ನು ಕೆಡಿಸುವವರಿಗೆ ಶಾಪ ಹೇಳುವಾಗ ಬಳಸುವ 'ಅೞಿ' ಎಂಬ ಧಾತುವಿನಲ್ಲೂ ೞಕಾರವಿದೆ. ಯೂನಿಕೋಡ್ ಪಟ್ಟಿಯಲ್ಲಿ ಈ ಅಕ್ಷರಕ್ಕೆ ಸ್ಥಾನ ದೊರೆಯಿತು. ಆದರೆ ಅದರ ಹೆಸರು 'ಫ' ಎಂದು ತಪ್ಪಾಗಿ ದಾಖಲಾಯಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಒಕ್ಕೂಟದ ಸ್ಥಿರತಾ ನಿಯಮವಾದುದರಿಂದ ಮೂಲ ಹೆಸರು ಇಂದಿಗೂ ಹಾಗೆಯೇ ಉಳಿದಿದೆ. ಅದು ತಪ್ಪೆಂದು ಅಡಿಟಿಪ್ಪಣಿ ಬರೆದು, ಸರಿಯಾದ ಹೆಸರನ್ನು ಪರ್ಯಾಯವಾಗಿ ಸೇರಿಸಲಾಗಿದೆ.

ಈ ತಪ್ಪಿನಿಂದ ಬರವಣಿಗೆಗೆ ಬಾಧೆಯೇನಿಲ್ಲ. ಆದರೆ ಹಳಗನ್ನಡದ ಯಾವ ವಿದ್ಯಾರ್ಥಿಯೂ ಗುರುತಿಸಬಹುದಾಗಿದ್ದ ಅಕ್ಷರವೊಂದರ ಹೆಸರು ಜಾಗತಿಕ ಶಿಷ್ಟತೆಯಲ್ಲಿ ತಪ್ಪಾಗಿ ಅಚ್ಚೊತ್ತಿತು ಎಂಬುದು ಅರ್ಥಪೂರ್ಣವಾದ ಸಂಗತಿ. ಕೆರೆಯನ್ನು ಎಲ್ಲರಿಗೂ ತೆರೆದಿಟ್ಟರೂ ತೂಬಿನ ಎತ್ತರವನ್ನು ನಿರ್ಣಯಿಸುವ ಕಟ್ಟೆಯ ಮೇಲೆ ಊರವರು ಕುಳಿತಿರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದು ಕಿರಿದಾದರೂ ಖಚಿತವಾದ ನಿದರ್ಶನ. ಅನಂತರದ ಕಾಲದಲ್ಲಿ ಈ ಲೋಪ ಬಹುಮಟ್ಟಿಗೆ ಕಡಿಮೆಯಾಯಿತು. ಹಳೆಯ ಬರಹಗಳಲ್ಲಿ ಕಾಣುವ ನಕಾರಪೊಳ್ಳು 2021ರಲ್ಲಿ ಪಟ್ಟಿಗೆ ಸೇರಿತು. 2024ರಲ್ಲಿ ತುಳು-ತಿಗಳಾರಿ ಲಿಪಿಗೂ ಪ್ರತ್ಯೇಕ ಸ್ಥಾನ ದೊರೆಯಿತು.

ಕರ್ನಾಟಕ ಸರ್ಕಾರವು ಎಂ. ಚಿದಾನಂದಗೌಡರ ಅಧ್ಯಕ್ಷತೆಯಲ್ಲಿ ಕನ್ನಡ ತಂತ್ರಾಂಶ ಅಭಿವೃದ್ಧಿ ಸಮಿತಿಯನ್ನು ರಚಿಸಿತು. 2012ರಲ್ಲಿ ಯೂನಿಕೋಡನ್ನು ಆಡಳಿತದ ಶಿಷ್ಟತೆಯಾಗಿ ಅಂಗೀಕರಿಸಿತು. ಮೊದಲ ಪಟ್ಟಿ ಹೊರಬಂದು 21 ವರ್ಷಗಳ ಬಳಿಕ ಈ ಅಂಗೀಕಾರ ಬಂದಿತು. ನಡುವಿನ ಅವಧಿಯಲ್ಲಿ ಸಿದ್ಧವಾದ ಕಡತಗಳ ಸ್ಥಿತಿಯನ್ನು ಮುಂದೆ ನೋಡಲಾಗುವುದು.

7. ಸಂಬಳದವರು, ಸ್ವಯಂಸೇವಕರು

ಅಂಕಿಪಟ್ಟಿ ಇದ್ದ ಮಾತ್ರಕ್ಕೆ ಅಕ್ಷರ ಮೂಡುವುದಿಲ್ಲ. 'ರ್ಯ' ಎಂದು ಬರೆದಾಗ ಅರ್ಕಾವೊತ್ತು ಯಕಾರದ ಬಲಕ್ಕೆ ಬರಬೇಕು. 'ರ‍್ಯಾಂಕ್' ಎಂದಾಗ ರಕಾರ ಪೂರ್ಣವಾಗಿ ಉಳಿದು ಯಕಾರ ಒತ್ತಾಗಬೇಕು. ಸಂಖ್ಯೆಗಳ ಸಾಲನ್ನು ನೋಡಿ ಇಂಥ ನಿರ್ಧಾರ ಮಾಡುವ ತಂತ್ರಾಂಶ ಮತ್ತು ಆ ರೂಪಗಳನ್ನು ಒಳಗೊಂಡ ಫಾಂಟ್ ಎರಡೂ ಬೇಕು. ಮೈಕ್ರೋಸಾಫ್ಟ್ ಸಂಸ್ಥೆ 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಫಾಂಟನ್ನು ಕೊಟ್ಟಿತು. ಅದು ಆ ಸಂಸ್ಥೆಯ ಸೊತ್ತು.

ಮುಕ್ತ ವೇದಿಕೆಗಳಲ್ಲಿ ಈ ಕೊರತೆಯನ್ನು ನೀಗಿದ್ದು ಉದ್ಯಮ ಮತ್ತು ಸ್ವಯಂಸೇವಕರ ಕೂಡುಗೆಲಸ. ರೆಡ್ ಹ್ಯಾಟ್ ಸಂಸ್ಥೆಯು 2004ರಲ್ಲಿ 'ಲೋಹಿತ್' ಎಂಬ ಹೆಸರಿನ ಭಾರತೀಯ ಫಾಂಟುಗಳನ್ನು ಮುಕ್ತ ಪರವಾನಗಿಯಡಿ ಹೊರತಂದಿತು. ಮುಂದೆ ಕನ್ನಡವೂ ಆ ಬಳಗಕ್ಕೆ ಸೇರಿತು. ಕನ್ನಡದ ಸ್ವಯಂಸೇವಕರು ತಾವೇ 'ಗುಬ್ಬಿ', 'ನವಿಲು' ಎಂಬ ಮುಕ್ತ ಫಾಂಟುಗಳನ್ನು ರೂಪಿಸಿದರು. ಅಕ್ಷರ ಜೋಡಣೆಯ 'ಹಾರ್ಫ್‌ಬಜ್' ಎಂಬ ತಂತ್ರಾಂಶವನ್ನು ಹಲವು ಸಂಸ್ಥೆಗಳ ನೌಕರರು ಸೇರಿ ಬೆಳೆಸಿದರು. ಪರಸ್ಪರ ಸ್ಪರ್ಧಿಗಳಾದ ಫೈರ್‌ಫಾಕ್ಸ್ ಮತ್ತು ಕ್ರೋಮ್, ಆಂಡ್ರಾಯ್ಡ್ ಮತ್ತು ಲಿಬ್ರೆಆಫೀಸ್ ಎಲ್ಲವೂ ಅದನ್ನೇ ಬಳಸುತ್ತವೆ. ಆಂಡ್ರಾಯ್ಡಿನ ಮೊದಲ ಆವೃತ್ತಿಗಳಲ್ಲಿ ಕನ್ನಡ ಸರಿಯಾಗಿ ಮೂಡುತ್ತಿರಲಿಲ್ಲ. ಶಿಡ್ಲಘಟ್ಟದ ರೈತರು ರೇಷ್ಮೆಗೂಡಿನ ಧಾರಣೆಯನ್ನು ಇಂದು ಮೊಬೈಲಿನಲ್ಲಿ ಕನ್ನಡದಲ್ಲೇ ಓದಬಲ್ಲರೆಂದರೆ ಅದರ ತಳದಲ್ಲಿ ಈ ಅನಾಮಿಕ ದುಡಿಮೆಯಿದೆ.

ಕೀಲಿಮಣೆಯ ಕತೆ ಇನ್ನೂ ಸ್ವಾರಸ್ಯಕರವಾದುದು. ಕೆ.ಪಿ. ರಾವ್ ಅವರ ವಿನ್ಯಾಸವು ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳಿಂದ 'ಕಗಪ' ಎಂಬ ಹೆಸರು ಪಡೆದು ಲಿನಕ್ಸ್ ವ್ಯವಸ್ಥೆಗಳ ಸಾಮಾನ್ಯ ಕೀಲಿಮಣೆ ಸಂಗ್ರಹಕ್ಕೆ ಸೇರಿತು. ಅಲ್ಲಿಗೇ ನಿಲ್ಲದೆ ಅದೇ ವಿನ್ಯಾಸವನ್ನು ಅನುಸರಿಸಿ ತೆಲುಗು, ಹಿಂದಿ, ಮರಾಠಿ, ಸಂಸ್ಕೃತಗಳ 'ಕಗಪ' ಕೀಲಿಮಣೆಗಳೂ ಆ ಸಂಗ್ರಹದಲ್ಲಿ ಸ್ಥಾನ ಪಡೆದಿವೆ. ಕರಾವಳಿಯ ವಿದ್ವಾಂಸರೊಬ್ಬರು ಬೇಲಿ ಹಾಕದೆ ಬಿಟ್ಟ ವಿನ್ಯಾಸ ಜಗತ್ತಿನ ಯಾವ ಮೂಲೆಯ ಲಿನಕ್ಸ್ ಗಣಕದಲ್ಲೂ ದೊರೆಯುತ್ತದೆ. ಮಕ್ಕಳಿಗೆ ಗಣಕಕ್ರಮ ರಚನೆಯನ್ನು ಕಲಿಸುವ 'ಲೋಗೋ' ಭಾಷೆಯನ್ನು ಪವನಜ ಅವರು ಕನ್ನಡಕ್ಕೆ ಅಳವಡಿಸಿದುದೂ ಇಲ್ಲಿ ಉಲ್ಲೇಖಾರ್ಹ. ಕನ್ನಡವನ್ನು ಗಣಕದಲ್ಲಿ ಬರೆಯುವುದಷ್ಟೇ ಅಲ್ಲ, ಗಣಕಕ್ಕೆ ಕನ್ನಡದಲ್ಲಿ ಆಜ್ಞೆ ನೀಡುವುದೂ ಸಾಧ್ಯವೆಂದು ಅದು ತೋರಿಸಿತು.

8. ನಂದಿ ಪರಿಸರದ ಜಾನಪದ ಪಠ್ಯಗಳು

ಇಷ್ಟೆಲ್ಲ ತಾಂತ್ರಿಕ ಚರಿತ್ರೆ ಜಾನಪದ ಅಧ್ಯಯನಕ್ಕೆ ಏಕೆ ಮುಖ್ಯ ಎಂಬ ಪ್ರಶ್ನೆ ಸಹಜ. ನಂದಿ ಪರಿಸರವು ದ್ವಿಭಾಷಿಕ ನೆಲ. ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರೇಯಣ ತಾತಯ್ಯನವರು ತೆಲುಗು ಮತ್ತು ಕನ್ನಡ ಎರಡರಲ್ಲೂ ತತ್ತ್ವಪದಗಳನ್ನು ರಚಿಸಿದರು. ಅವರ ತೆಲುಗು ಪದಗಳು ಈ ಭಾಗದಲ್ಲಿ ಕನ್ನಡ ಲಿಪಿಯಲ್ಲೇ ಅಚ್ಚಾಗಿ, ಓದಿಸಿಕೊಂಡು, ಭಜನೆಗಳಲ್ಲಿ ಹಾಡಿಸಿಕೊಂಡು ಬಂದಿವೆ. ತೆಲುಗಿನ ದಂತ್ಯ ಚಕಾರ, ಜಕಾರಗಳನ್ನು ಬೇರ್ಪಡಿಸಿ ತೋರುವ ಗುರುತು ಕನ್ನಡ ಲಿಪಿಯಲ್ಲಿ ಇಲ್ಲ. ಹಾಡುಗಾರರ ಬಾಯಲ್ಲಿ ಆ ವ್ಯತ್ಯಾಸ ಉಳಿದಿದೆ. ಭಾಷೆ ಒಂದು, ಲಿಪಿ ಇನ್ನೊಂದು, ಧ್ವನಿ ಎರಡರ ನಡುವೆ ಎಂಬ ಇಂಥ ಪಠ್ಯಗಳಿಗೆ ಸಿದ್ಧಮಾದರಿಯ ತಂತ್ರಾಂಶ ಸಾಲದು. ತಿದ್ದಿಕೊಳ್ಳಬಹುದಾದ ಮುಕ್ತ ವೇದಿಕೆಯೇ ಬೇಕಾಗುತ್ತದೆ.

ಎರಡನೆಯ ಸಂಗತಿ ಇನ್ನೂ ಗಂಭೀರವಾದುದು. ಕರ್ನಾಟಕದಲ್ಲಿ ಜಾನಪದ ಸಂಗ್ರಹಕಾರ್ಯ ವಿಸ್ತಾರವಾಗಿ ನಡೆದ 1990ರ ದಶಕ ಮತ್ತು ಈ ಶತಮಾನದ ಮೊದಲ ದಶಕದಲ್ಲಿಯೇ ಡಿ.ಟಿ.ಪಿ. ಕೇಂದ್ರಗಳು ಹಳೆಯ ಫಾಂಟುಗಳನ್ನು ಬಳಸುತ್ತಿದ್ದವು. ಸಂಶೋಧನ ಪ್ರಬಂಧಗಳು, ಹಾಡುಗಳ ಸಂಕಲನಗಳು, ಕಲಾವಿದರ ಪರಿಚಯಗಳು ಸಿದ್ಧವಾದುದು ಆ ಫಾಂಟುಗಳಲ್ಲಿ. ಅಚ್ಚಾದವು ಪುಸ್ತಕರೂಪದಲ್ಲಿ ಉಳಿದಿವೆ. ಅಚ್ಚಾಗದ ಕ್ಷೇತ್ರಕಾರ್ಯದ ಟಿಪ್ಪಣಿಗಳು ಫ್ಲಾಪಿ ಮತ್ತು ಸಿ.ಡಿ.ಗಳಲ್ಲಿ, ಇಂದಿನ ಗಣಕಗಳು ಓದಲಾರದ ಸಂಕೇತಗಳಲ್ಲಿ ಸಿಲುಕಿಕೊಂಡಿವೆ. ಹಾಡಿದ ಹಿರಿಯರು ಇಂದು ಇಲ್ಲದಿರಬಹುದು. ಬರೆದಿಟ್ಟ ಕಡತವೂ ಓದಲಾಗದಿದ್ದರೆ ಆ ಹಾಡು ಎರಡನೆಯ ಸಲ ಕಳೆದುಹೋದಂತೆ. ಹಳೆಯ ಸಂಕೇತಗಳನ್ನು ಯೂನಿಕೋಡಿಗೆ ಬದಲಿಸುವ ಮುಕ್ತ ಪರಿವರ್ತಕಗಳನ್ನು ಸ್ವಯಂಸೇವಕರು ಸಿದ್ಧಪಡಿಸಿದ್ದಾರೆ. ಪ್ರತಿ ಹಳೆಯ ಫಾಂಟಿನ ಪಟ್ಟಿ ದೊರೆತರೆ ಮಾತ್ರ ಅವು ಪೂರ್ಣ ಫಲ ನೀಡಬಲ್ಲವು.

ಸಾಹಿತ್ಯ ಕ್ಷೇತ್ರದಲ್ಲಿ ಆಗಿರುವ ಕೆಲಸ ಇಲ್ಲಿ ದಾರಿ ತೋರುತ್ತದೆ. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಪದಶಃ ಹುಡುಕಲು ಅನುವು ಮಾಡಿದ 'ವಚನ ಸಂಚಯ'ವನ್ನು ವಿದ್ವಾಂಸ ಓ.ಎಲ್. ನಾಗಭೂಷಣಸ್ವಾಮಿ, ಲೇಖಕ ವಸುಧೇಂದ್ರ ಮತ್ತು ಓಂಶಿವಪ್ರಕಾಶ್ ಮೊದಲಾದ ತಂತ್ರಜ್ಞರು ಸೇರಿ ರೂಪಿಸಿದರು. ಮೈಸೂರು ವಿಶ್ವವಿದ್ಯಾನಿಲಯವು 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಮುಕ್ತ ಪರವಾನಗಿಗೆ ಒಳಪಡಿಸಿ, 2003ರಿಂದ ಬೆಳೆಯುತ್ತಿದ್ದ ಕನ್ನಡ ವಿಕಿಪೀಡಿಯಕ್ಕೆ ಆಕರವನ್ನು ಒದಗಿಸಿತು. ಜಾನಪದ ಪಠ್ಯಗಳಿಗೆ ಸಂಬಂಧಿಸಿದಂತೆ ಇಂಥ ಪ್ರಮಾಣದ ಕೆಲಸ ಇನ್ನೂ ಆಗಬೇಕಾಗಿದೆ.

9. ಧ್ವನಿಯ ಪಾಲುದಾರಿಕೆ

ಈಚಿನ ವರ್ಷಗಳಲ್ಲಿ ಪ್ರಶ್ನೆ ಲಿಪಿಯಿಂದ ಧ್ವನಿಯ ಕಡೆಗೆ ಹೊರಳಿದೆ. ಭಾರತೀಯ ವಿಜ್ಞಾನ ಸಂಸ್ಥೆಯು ಗೂಗಲ್ ಸಹಯೋಗದಲ್ಲಿ 2022ರಲ್ಲಿ ಪ್ರಕಟಿಸಿದ 'ವಾಣಿ' ಯೋಜನೆಯು ದೇಶದ ಎಲ್ಲ ಜಿಲ್ಲೆಗಳಿಂದ ಜನರ ಸಹಜ ಮಾತನ್ನು ಸಂಗ್ರಹಿಸಿ ಮುಕ್ತವಾಗಿ ಹಂಚುವ ಉದ್ದೇಶ ಹೊಂದಿದೆ. ಯಂತ್ರಗಳಿಗೆ ಮಾತನ್ನು ಅರ್ಥಮಾಡಿಸುವ ಎಲ್ಲ ಉದ್ಯಮಗಳಿಗೂ ಇಂಥ ಸಂಗ್ರಹವೇ ಬೀಜ. ಪಠ್ಯವನ್ನು ಮಾತ್ರ ಆಧರಿಸಿದ ತಂತ್ರಾಂಶಕ್ಕೆ ಕೇಳದ ಉಪಭಾಷೆಗಳು ಈ ವಿಧಾನದಿಂದ ಕೇಳಿಸಬಹುದು. ಒಂದೇ ವಾಕ್ಯದಲ್ಲಿ ಕನ್ನಡ, ತೆಲುಗುಗಳನ್ನು ಹೆಣೆದು ಆಡುವ ನಂದಿ ಪರಿಸರದ ಮಾತು ಅಂಥ ಸಂಗ್ರಹದಲ್ಲಿ 'ಕನ್ನಡ' ಎಂದು ದಾಖಲಾಗಬೇಕೇ, 'ತೆಲುಗು' ಎಂದೇ, ಅಥವಾ ಎರಡೂ ಎಂದೇ? ೞಕಾರದ ಹೆಸರಿನಲ್ಲಿ ಆದ ತಪ್ಪು ಒಂದು ಭಾಷಾಸಮುದಾಯದ ಹೆಸರಿನಲ್ಲಿ ಮರುಕಳಿಸಬಾರದು.

ಬಿತ್ತುವಟ್ಟದ ಪ್ರಶ್ನೆಯೂ ಇಲ್ಲಿ ಮತ್ತೆ ಏಳುತ್ತದೆ. ಮುಕ್ತ ತಂತ್ರಾಂಶದಲ್ಲಿ ಒಂದು ಸಾಲು ತಿದ್ದಿದವರ ಹೆಸರೂ ದಾಖಲೆಯಲ್ಲಿ ಉಳಿಯುತ್ತದೆ. ಜಾನಪದ ಸಂಗ್ರಹದ ಇತಿಹಾಸದಲ್ಲಾದರೋ ಸಂಗ್ರಾಹಕರ ಹೆಸರು ಮುಖಪುಟದಲ್ಲಿ ಉಳಿದು, ಹಾಡಿದವರ ಹೆಸರು ಅನುಬಂಧಕ್ಕೆ ಸರಿದ ಅಥವಾ ಬಿಟ್ಟೇಹೋದ ಉದಾಹರಣೆಗಳು ಹೇರಳ. ಜಾನಪದವು ಎಲ್ಲರದು ಎಂಬ ಮಾತು ನಿಜ. ಎಲ್ಲರದು ಎಂಬ ಕಾರಣಕ್ಕೇ ಅದನ್ನು ಉಳಿಸಿಕೊಂಡು ಬಂದವರಿಗೆ ಪಾಲಿಲ್ಲ ಎನ್ನುವುದು ನ್ಯಾಯವಲ್ಲ.

10. ಸಮಾರೋಪ

ಮೇಲಿನ ಪರಿಶೀಲನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಉಚಿತವಾದ ತಂತ್ರಾಂಶ ಒಂದು ಕಾಲದ ಬಾಯಾರಿಕೆಯನ್ನು ತಣಿಸಿತು. ದೀರ್ಘಕಾಲ ಬಾಳಿದ್ದು ಮುಕ್ತವಾದುದು. ಮುಕ್ತತೆಯೂ ತನ್ನಷ್ಟಕ್ಕೆ ಸಾಲದೆಂದು ಸಿಂಪ್ಯೂಟರ್ ತೋರಿಸಿತು. ಅನೇಕ ಉದ್ಯಮಗಳಿಗೆ ಒಂದೇ ಕೆರೆಯ ನೀರು ಬೇಕಾದಾಗ, ಅದರ ದುರಸ್ತಿಗೆ ಸಂಬಳದ ಕೈಗಳೂ ಒಲುಮೆಯ ಕೈಗಳೂ ಸೇರಿದಾಗ ವೇದಿಕೆ ಉಳಿಯಿತೆಂಬುದಕ್ಕೆ ಹಾರ್ಫ್‌ಬಜ್ ಸಾಕ್ಷಿ. ಭಾಷೆಯನ್ನು ಬಲ್ಲವರು ಕಟ್ಟೆಯ ಮೇಲೆ ಇಲ್ಲದಿದ್ದಾಗ ಆಗುವ ಲೋಪಕ್ಕೆ ೞಕಾರ ಸಾಕ್ಷಿ.

ಈ ಹಿನ್ನೆಲೆಯಲ್ಲಿ ಅಕಾಡೆಮಿಗಳು ಮತ್ತು ವಿಶ್ವವಿದ್ಯಾನಿಲಯಗಳು ಕೈಗೊಳ್ಳಬಹುದಾದ ಕಾರ್ಯಗಳು ಮುಖ್ಯವಾಗಿ ಮೂರು. ಹಳೆಯ ಫಾಂಟುಗಳಲ್ಲಿರುವ ಜಾನಪದ ಕಡತಗಳನ್ನು ಕಲೆಹಾಕಿ ಯೂನಿಕೋಡಿಗೆ ಬದಲಿಸಬೇಕು. ಇದಕ್ಕಾಗಿ ತಮ್ಮ ಹಳೆಯ ಸಂಕೇತಪಟ್ಟಿಗಳನ್ನು ಬಿಟ್ಟುಕೊಡುವಂತೆ ಉದ್ಯಮಗಳನ್ನು ಕೋರಬೇಕು. ಪ್ರತಿ ಪಠ್ಯದೊಡನೆ ಹಾಡಿದವರ ಒಪ್ಪಿಗೆ, ಹೆಸರು, ಊರುಗಳನ್ನು ಬೇರ್ಪಡದಂತೆ ಲಗತ್ತಿಸಬೇಕು. ಆ ಪಠ್ಯದಿಂದ ಉದ್ಯಮಕ್ಕೆ ಲಾಭವಾದಾಗ ಅದರ ಒಂದು ಭಾಗ ಕಲಾವಿದರ ಕುಟುಂಬಕ್ಕೋ ಊರಿಗೋ ಮರಳುವ ಷರತ್ತನ್ನು ಪರವಾನಗಿಯಲ್ಲಿ ಅಳವಡಿಸುವ ಬಗೆಯನ್ನು ಕಾನೂನುತಜ್ಞರೊಡನೆ ಚರ್ಚಿಸಬೇಕು. ಅಂಥ ಷರತ್ತು ಪ್ರಚಲಿತ ಮುಕ್ತ ಪರವಾನಗಿಗಳ ವ್ಯಾಖ್ಯೆಗೆ ಪೂರ್ತಿ ಒಗ್ಗದಿರಬಹುದು. ಆದರೆ ನೀರು ಊರಿಗೆ, ಪಾಲು ಉಳಿಸಿದವರಿಗೆ ಎಂಬ ಎರಡು ಮಾತುಗಳನ್ನು ಈ ನೆಲದ ಶಾಸನಗಳು ಒಂದೇ ಕಲ್ಲಿನ ಮೇಲೆ ಬರೆದಿಟ್ಟಿವೆ. ಅವೆರಡನ್ನೂ ಒಂದೇ ಪರವಾನಗಿಯಲ್ಲಿ ಬರೆಯುವ ಕೆಲಸ ಇಂದಿನವರ ಪಾಲಿಗೆ ಉಳಿದಿದೆ.